ಓದಿನ ವೇಗ, ಮನಸ್ಸಿನ ನಿರಾಳ ಮತ್ತು ಮೆದುಳು

ಮೈಮನಸ್ಸುಗಳ ಬಿಗುವನ್ನು ಸಡಿಲಿಸಿಕೊಂಡು, ಉಸಿರನ್ನು ನಿಧಾನಗೊಳಿಸಿ, ಪುಟದ ಮೇಲೆ ಕಣ್ಣನ್ನು ಸರಾಗವಾಗಿ ಹರಿಯಬಿಟ್ಟರೆ ಸಾಮಾನ್ಯ ಓದುಗನೂ ಕೆಲವೇ ವಾರಗಳಲ್ಲಿ ಮೂರು ನಾಲ್ಕು ಪಟ್ಟು ವೇಗವಾಗಿ ಓದಬಲ್ಲನೆಂದೂ, ಹಾಗೆ ಓದಿದ್ದೆಲ್ಲ ನೆನಪಿನಲ್ಲಿ ಉಳಿಯುತ್ತದೆಂದೂ ವೇಗದ ಓದನ್ನು ಕಲಿಸುವ ತರಬೇತಿಗಳು ಹಲವು ದಶಕಗಳಿಂದ ಹೇಳುತ್ತ ಬಂದಿವೆ. ಪರೀಕ್ಷೆಗಳ ಒತ್ತಡದಲ್ಲಿರುವ ವಿದ್ಯಾರ್ಥಿಗಳಿಗೂ ದಿನವಿಡೀ ಕಡತ, ವರದಿಗಳ ನಡುವೆ ಇರುವ ಉದ್ಯೋಗಿಗಳಿಗೂ ಈ ಮಾತು ಆಕರ್ಷಕವಾಗಿ ಕಾಣುವುದು ಸಹಜ. ಆದರೆ ಇದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದಾಗಿ ಬೆರೆತಿವೆ: ಒಂದು ಓದುವಾಗಿನ ನಿರಾಳತೆ, ಇನ್ನೊಂದು ಓದಿನ ವೇಗ. ಕಣ್ಣಿನ ಚಲನೆಯನ್ನೂ ಮೆದುಳಿನ ಚಟುವಟಿಕೆಯನ್ನೂ ಅಳೆಯುತ್ತ ಬಂದಿರುವ ಒಂದು ಶತಮಾನಕ್ಕೂ ಮೀರಿದ ಸಂಶೋಧನೆಯ ಬೆಳಕಿನಲ್ಲಿ ಇವೆರಡನ್ನೂ ಬೇರ್ಪಡಿಸಿ ನೋಡಿದರೆ, ನಿರಾಳತೆಯಿಂದ ಓದಿಗೆ ಸಿಗುವ ನೆರವು ನಿಜವಾದದ್ದೆಂದೂ, ಬಲವಂತದ ವೇಗಕ್ಕೆ ಮಾತ್ರ ಅರ್ಥಗ್ರಹಿಕೆಯ ರೂಪದಲ್ಲಿ ಬೆಲೆ ತೆರಲೇಬೇಕಾಗುತ್ತದೆಂದೂ ಸ್ಪಷ್ಟವಾಗುತ್ತದೆ.

ಓದಲು ಕಲಿತ ಮೆದುಳು

ಸುತ್ತಲಿನವರ ಮಾತನ್ನು ಕೇಳುತ್ತ ಬೆಳೆಯುವ ಮಗು ಯಾರೂ ಪಾಠ ಹೇಳದಿದ್ದರೂ ಮಾತನ್ನು ಕಲಿಯುತ್ತದೆ. ಓದು ಹಾಗೆ ತಾನಾಗಿ ಬರುವುದಿಲ್ಲ. ಬರವಣಿಗೆ ಹುಟ್ಟಿ ಸುಮಾರು 5,000 ವರ್ಷಗಳಷ್ಟೇ ಆಗಿರುವುದರಿಂದಲೂ, ಆ ಅವಧಿಯ ಬಹುಭಾಗದಲ್ಲಿ ಓದಬಲ್ಲವರು ಬೆರಳೆಣಿಕೆಯಷ್ಟೇ ಇದ್ದುದರಿಂದಲೂ, ಓದಿಗೆಂದೇ ಮೀಸಲಾದ ಒಂದು ಅಂಗ ಜೀವವಿಕಾಸದ ಹಾದಿಯಲ್ಲಿ ರೂಪುಗೊಳ್ಳಲು ಕಾಲಾವಕಾಶವೇ ಇರಲಿಲ್ಲ. ಹೀಗಾಗಿ ಪ್ರತಿಯೊಬ್ಬ ಓದುಗನ ಮೆದುಳೂ ಬೇರೆ ಕೆಲಸಗಳಿಗಾಗಿ ಇದ್ದ ನರಜಾಲಗಳನ್ನು ಅಕ್ಷರಗಳ ಕಡೆಗೆ ತಿರುಗಿಸಿಕೊಂಡು ಹೊಸದಾಗಿ ಒಂದು ವ್ಯವಸ್ಥೆಯನ್ನು ಕಟ್ಟಿಕೊಳ್ಳಬೇಕಾಗುತ್ತದೆ.

ಈ ವ್ಯವಸ್ಥೆಯ ಮೊದಲ ಸುಳಿವು ಸಿಕ್ಕಿದ್ದು 1892ರಲ್ಲಿ. ಫ್ರಾನ್ಸಿನ ನರವೈದ್ಯ ಜೂಲ್ಸ್ ಡೆಜೆರಿನ್ ಅವರು ವಿವರಿಸಿದ ರೋಗಿಯೊಬ್ಬ ಮಾತನಾಡಬಲ್ಲವನಾಗಿದ್ದ, ಬರೆಯಬಲ್ಲವನಾಗಿದ್ದ, ವಸ್ತುಗಳನ್ನು ಗುರುತಿಸಬಲ್ಲವನಾಗಿದ್ದ. ಆದರೆ ಮೆದುಳಿನ ಎಡಭಾಗದ ಹಿಂಬದಿಗೆ ಆದ ಹಾನಿಯಿಂದ ಓದುವ ಶಕ್ತಿಯನ್ನು ಮಾತ್ರ ಕಳೆದುಕೊಂಡಿದ್ದ. ಸುಮಾರು ನೂರು ವರ್ಷಗಳ ಬಳಿಕ ಫ್ರಾನ್ಸಿನವರೇ ಆದ ಸ್ಟಾನಿಸ್ಲಾಸ್ ಡೆಹಾನ್ ಮತ್ತು ಲೊರಾಂ ಕೊಹೆನ್ ಅವರು ಮೆದುಳಿನ ಚಿತ್ರಣ ತಂತ್ರಗಳ ನೆರವಿನಿಂದ ಎಡಗೋಳಾರ್ಧದ ಕೆಳಬದಿಯಲ್ಲಿ ಬರಹದ ಪದಗಳಿಗೆ ವಿಶೇಷವಾಗಿ ಸ್ಪಂದಿಸುವ ಸಣ್ಣ ಪ್ರದೇಶವೊಂದನ್ನು ಗುರುತಿಸಿದರು. ಪದರೂಪವನ್ನು ಗುರುತಿಸುವ ಈ ಪ್ರದೇಶ ಯಾವ ಲಿಪಿಯನ್ನು ಓದುವವರಲ್ಲಿಯೂ ಹೆಚ್ಚುಕಡಿಮೆ ಒಂದೇ ಸ್ಥಳದಲ್ಲಿ ಇರುತ್ತದೆ ಮತ್ತು ಓದಲು ಕಲಿತ ಮೇಲಷ್ಟೇ ಆ ಕೆಲಸಕ್ಕೆ ಪಳಗುತ್ತದೆ.

ಪ್ರಾಯಕ್ಕೆ ಬಂದ ಮೇಲೆ ಅಕ್ಷರ ಕಲಿತವರಲ್ಲಿಯೂ ಮೆದುಳು ಬದಲಾಗುತ್ತದೆ ಎಂಬುದಕ್ಕೆ ಭಾರತದಲ್ಲಿಯೇ ನಡೆದ ಒಂದು ಅಧ್ಯಯನ ಸಾಕ್ಷಿಯಾಗಿದೆ. ಉತ್ತರ ಪ್ರದೇಶದ ಲಖನೌ ಸಮೀಪದ ಹಳ್ಳಿಗಳ ಅನಕ್ಷರಸ್ಥರಿಗೆ, ಅವರಲ್ಲಿ ಬಹುಪಾಲು ಮಹಿಳೆಯರಿಗೆ, ಆರು ತಿಂಗಳ ಕಾಲ ದೇವನಾಗರಿಯಲ್ಲಿ ಹಿಂದಿಯನ್ನು ಓದಲು ಕಲಿಸಿ, ಕಲಿಕೆಯ ಮೊದಲೂ ನಂತರವೂ ಅವರ ಮೆದುಳನ್ನು ಪರಿಶೀಲಿಸಿದ ಈ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಬದಲಾವಣೆ ಮೆದುಳಿನ ಹೊರಪದರಕ್ಕೆ ಸೀಮಿತವಾಗಿರದೆ, ಕಣ್ಣಿನ ಚಲನೆಯನ್ನೂ ದೃಷ್ಟಿಯ ಗಮನವನ್ನೂ ನಿರ್ದೇಶಿಸುವ ಒಳಭಾಗಗಳಿಗೂ ದೃಷ್ಟಿಕೇಂದ್ರಗಳಿಗೂ ನಡುವಣ ಹೊಂದಾಣಿಕೆಯಲ್ಲಿಯೂ ಕಂಡುಬಂದಿತು. ಅಂದರೆ, ಓದಲು ಕಲಿಯುವುದೆಂದರೆ ಅಕ್ಷರಗಳನ್ನು ಗುರುತಿಸುವುದರ ಜೊತೆಗೆ ಕಣ್ಣನ್ನು ಎಲ್ಲಿ, ಯಾವಾಗ ಸರಿಸಬೇಕೆಂಬುದನ್ನು ಮೆದುಳಿಗೆ ಕಲಿಸುವುದೂ ಹೌದು.

ಕಣ್ಣಿನ ಜಿಗಿತ ಮತ್ತು ನಿಲುಗಡೆ

ಓದುವಾಗ ಕಣ್ಣು ಸಾಲಿನ ಮೇಲೆ ಒಂದೇ ಸಮನೆ ಹರಿಯುತ್ತದೆ ಎಂಬುದು ಓದುಗನಿಗೆ ಆಗುವ ಭಾವನೆ ಮಾತ್ರ. ಕಣ್ಣು ಸಣ್ಣ ಸಣ್ಣ ಜಿಗಿತಗಳಲ್ಲಿ ಮುಂದೆ ಸಾಗಿ ಪ್ರತಿ ಜಿಗಿತದ ನಂತರ ಕ್ಷಣಕಾಲ ನಿಲ್ಲುತ್ತದೆ ಎಂಬುದನ್ನು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಪ್ಯಾರಿಸ್ಸಿನ ನೇತ್ರವೈದ್ಯ ಎಮಿಲ್ ಜಾವಾಲ್ ಅವರ ಪ್ರಯೋಗಾಲಯದಲ್ಲಿ ಗಮನಿಸಲಾಯಿತು. ಒಂದೊಂದು ನಿಲುಗಡೆ ಸರಾಸರಿ 200ರಿಂದ 250 ಮಿಲಿಸೆಕೆಂಡುಗಳಷ್ಟು, ಅಂದರೆ ಒಂದು ಸೆಕೆಂಡಿನ ಕಾಲು ಭಾಗದಷ್ಟು ಇರುತ್ತದೆ. ಜಿಗಿತ ಅದರ ಹತ್ತನೆಯ ಒಂದು ಭಾಗದಷ್ಟು ಸಮಯದಲ್ಲಿಯೇ ಮುಗಿಯುತ್ತದೆ ಮತ್ತು ಆ ಅವಧಿಯಲ್ಲಿ ಕಣ್ಣಿಗೆ ಹೊಸದೇನೂ ಕಾಣುವುದಿಲ್ಲ. ಓದೆಲ್ಲ ನಡೆಯುವುದು ನಿಲುಗಡೆಗಳಲ್ಲಿ. ನುರಿತ ಓದುಗರ ಕಣ್ಣು ಕೂಡ ನೂರು ಜಿಗಿತಗಳಲ್ಲಿ ಹತ್ತು ಹದಿನೈದು ಸಲ ಹಿಂದಿನ ಪದಗಳಿಗೆ ಮರಳುತ್ತದೆ.

ಒಂದು ನಿಲುಗಡೆಯಲ್ಲಿ ಎಷ್ಟು ಕಾಣುತ್ತದೆ ಎಂಬುದನ್ನು ನಿರ್ಧರಿಸುವುದು ಕಣ್ಣಿನ ರಚನೆ. ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ, ಅಂದರೆ ರೆಟಿನಾದಲ್ಲಿ, ಫೋವಿಯ ಎಂಬ ಸಣ್ಣ ಗುಳಿಯೊಂದಿದ್ದು, ಅಕ್ಷರದಂಥ ಸೂಕ್ಷ್ಮ ಆಕಾರಗಳು ಸ್ಪಷ್ಟವಾಗಿ ಮೂಡುವುದು ಅಲ್ಲಿ ಮಾತ್ರ. ನೋಟದ ಇಡೀ ಹರವಿನಲ್ಲಿ ಅದರ ಪಾಲು ಸುಮಾರು ಎರಡು ಡಿಗ್ರಿಯಷ್ಟು. ಅದರ ಆಚೆಗೆ ಹೋದಂತೆಲ್ಲ ಅಕ್ಷರಗಳು ಮಸುಕಾಗುತ್ತವೆ. ಅಮೆರಿಕದ ಜಾರ್ಜ್ ಮೆಕಾಂಕಿ ಮತ್ತು ಕೀತ್ ರೇನರ್ ಅವರು 1975ರಲ್ಲಿ ರೂಪಿಸಿದ ಪ್ರಯೋಗದಲ್ಲಿ, ಓದುಗನ ಕಣ್ಣು ನಿಂತ ಜಾಗದ ಸುತ್ತಲಿನ ಕೆಲವು ಅಕ್ಷರಗಳನ್ನು ಮಾತ್ರ ಕಾಣಿಸಿ ಉಳಿದವನ್ನು ಕಂಪ್ಯೂಟರ್ ಮರೆಮಾಡುತ್ತಿತ್ತು. ಈ ವಿಧಾನದಿಂದ ನಡೆದ ಅಧ್ಯಯನಗಳ ಪ್ರಕಾರ ಇಂಗ್ಲಿಷ್ ಓದುಗ ನಿಂತ ಜಾಗದಿಂದ ಎಡಕ್ಕೆ ಮೂರು ನಾಲ್ಕು ಅಕ್ಷರಗಳಿಂದ, ಬಲಕ್ಕೆ ಹದಿನಾಲ್ಕು ಹದಿನೈದು ಅಕ್ಷರಗಳಿಂದ ಮಾತ್ರ ಉಪಯುಕ್ತ ಮಾಹಿತಿ ಪಡೆಯುತ್ತಾನೆ. ಬಲದಿಂದ ಎಡಕ್ಕೆ ಓದುವ ಹೀಬ್ರೂ ಓದುಗರಲ್ಲಿ ಈ ಹರವು ಎಡಕ್ಕೆ ವಾಲುತ್ತದೆ. ಒಂದೇ ನೋಟದಲ್ಲಿ ಇಡೀ ಸಾಲನ್ನೋ ಇಡೀ ಪುಟವನ್ನೋ ಓದುವುದು ಇಂಥ ಕಣ್ಣಿಗೆ ಸಾಧ್ಯವಿಲ್ಲ; ಏಕೆಂದರೆ ಮನಸ್ಸನ್ನು ಎಷ್ಟು ನಿರಾಳಗೊಳಿಸಿದರೂ ಫೋವಿಯದ ಗಾತ್ರ ಬದಲಾಗುವುದಿಲ್ಲ.

ಸಾಮಾನ್ಯ ಓದಿನ ವೇಗ ಈ ಮಿತಿಗೆ ಸರಿಯಾಗಿಯೇ ಇದೆ. ಬೆಲ್ಜಿಯಮ್ಮಿನ ಮನೋವಿಜ್ಞಾನಿ ಮಾರ್ಕ್ ಬ್ರಿಸ್ಬಾರ್ಟ್ ಅವರು 190 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ವಯಸ್ಕರು ಇಂಗ್ಲಿಷಿನ ಕಥೆಯಲ್ಲದ ಬರಹವನ್ನು ಮೌನವಾಗಿ ಓದುವ ಸರಾಸರಿ ವೇಗ ನಿಮಿಷಕ್ಕೆ 238 ಪದಗಳು, ಕಥನವನ್ನು ಓದುವ ವೇಗ 260 ಪದಗಳು. ಒಂದು ಸೆಕೆಂಡಿಗೆ ನಾಲ್ಕು ನಿಲುಗಡೆ, ನಿಲುಗಡೆಗೊಂದು ಪದ ಎಂದು ಲೆಕ್ಕ ಹಾಕಿದರೂ ನಿಮಿಷಕ್ಕೆ 240ರ ಆಸುಪಾಸಿನ ಸಂಖ್ಯೆಯೇ ದೊರೆಯುತ್ತದೆ.

ಅರ್ಥಕ್ಕೆ ಬೇಕಾದ ಸಮಯ

ಕಣ್ಣಿನ ಮಿತಿಗಿಂತಲೂ ಮುಖ್ಯವಾದದ್ದು ಅರ್ಥಗ್ರಹಿಕೆಯ ಮಿತಿ. ತಲೆಯ ಮೇಲೆ ವಿದ್ಯುದಗ್ರಗಳನ್ನಿಟ್ಟು ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ವಿಧಾನದಿಂದ ಒಂದು ಪದ ಕಣ್ಣಿಗೆ ಬಿದ್ದ ಮೇಲೆ ಮೆದುಳಿನಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಕ್ಷಣಕ್ಷಣವೂ ಹಿಂಬಾಲಿಸಬಹುದು. ಪದರೂಪವನ್ನು ಗುರುತಿಸುವ ಪ್ರದೇಶ 150ರಿಂದ 200 ಮಿಲಿಸೆಕೆಂಡುಗಳೊಳಗೆ ಸ್ಪಂದಿಸುತ್ತದೆ. ವಾಕ್ಯಕ್ಕೆ ಹೊಂದದ ಪದವೊಂದು ಎದುರಾದಾಗ ಸುಮಾರು 400 ಮಿಲಿಸೆಕೆಂಡುಗಳ ಹೊತ್ತಿಗೆ ಒಂದು ವಿಶಿಷ್ಟ ವಿದ್ಯುತ್ ಅಲೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಅಮೆರಿಕದ ಮಾರ್ತಾ ಕೂಟಾಸ್ ಮತ್ತು ಸ್ಟೀವನ್ ಹಿಲ್‌ಯಾರ್ಡ್ ಅವರು 1980ರಲ್ಲಿ ತೋರಿಸಿಕೊಟ್ಟರು. ಪದವನ್ನು ಹಿಂದಿನ ಸಂದರ್ಭದೊಡನೆ ಹೊಂದಿಸುವ ಕೆಲಸ ಆ ಹೊತ್ತಿನಲ್ಲಿ ನಡೆಯುತ್ತಿರುತ್ತದೆ. ನಿಮಿಷಕ್ಕೆ 1,000 ಪದಗಳಂತೆ ಓದುವವನಿಗೆ ಒಂದು ಪದಕ್ಕೆ ಸಿಗುವುದು 60 ಮಿಲಿಸೆಕೆಂಡು ಮಾತ್ರ. ಮೊದಲ ಪದ ಅರ್ಥದ ಹಂತವನ್ನು ಮುಟ್ಟುವಷ್ಟರಲ್ಲಿ ಆರೇಳು ಹೊಸ ಪದಗಳು ಬಂದಿರುತ್ತವೆ.

ಮೆದುಳು ಏಕಕಾಲದಲ್ಲಿ ಹಲವು ಪದಗಳ ಮೇಲೆ ಕೆಲಸ ಮಾಡಬಲ್ಲದು ಎಂಬುದು ನಿಜವಾದರೂ, ಹಾಗೆ ಬಂದವನ್ನೆಲ್ಲ ವಾಕ್ಯವಾಗಿ, ವಾಕ್ಯಗಳನ್ನು ವಾದವಾಗಿ ಅಥವಾ ಕಥೆಯಾಗಿ ಹೆಣೆಯುವ ತನಕ ಹಿಡಿದಿಡಬೇಕಾದದ್ದು ಕಾರ್ಯನಿರತ ಸ್ಮರಣೆ. ಸಂಗತಿಗಳನ್ನು ಕೆಲವು ಕ್ಷಣಗಳ ಮಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ಅವುಗಳ ಮೇಲೆ ಕೆಲಸ ಮಾಡುವ ಈ ಸಾಮರ್ಥ್ಯ ಎಲ್ಲರಲ್ಲಿಯೂ ಮಿತವಾದದ್ದು. ಪದಗಳನ್ನು ಪರದೆಯ ಒಂದೇ ಜಾಗದಲ್ಲಿ ಒಂದರ ಹಿಂದೆ ಒಂದರಂತೆ ಮಿಂಚಿಸಿ ತೋರಿಸುವ, ಮನೋವಿಜ್ಞಾನಿ ಮೇರಿ ಪಾಟರ್ ಅವರ ಪ್ರಯೋಗಗಳಲ್ಲಿ, ಸೆಕೆಂಡಿಗೆ 12 ಪದಗಳ ವೇಗದಲ್ಲಿಯೂ ಬಿಡಿ ವಾಕ್ಯಗಳು ಜನರಿಗೆ ಅರ್ಥವಾದವು. ಆದರೆ ಪೂರ್ತಿ ಪ್ಯಾರಾಗಳನ್ನು ಹಾಗೆ ತೋರಿಸಿದಾಗ ನೆನಪಿನಲ್ಲಿ ಉಳಿಯುವುದು ಕಡಿಮೆಯಾಯಿತು. ಇದೇ ತತ್ತ್ವದ ಮೇಲೆ ಮೊಬೈಲ್ ಆ್ಯಪ್‌ಗಳು ಬಂದಾಗ ರೇನರ್ ಮತ್ತು ಅವರ ಸಹೋದ್ಯೋಗಿಗಳು 2014ರಲ್ಲಿ ನಡೆಸಿದ ಅಧ್ಯಯನದಿಂದ, ಕಣ್ಣು ಹಿಂದಿನ ಪದಕ್ಕೆ ಮರಳದಂತೆ ತಡೆದರೆ ಗ್ರಹಿಕೆ ಕುಗ್ಗುತ್ತದೆ ಎಂಬುದು ತಿಳಿದುಬಂದಿತು. ಹಿಂದಿರುಗಿ ನೋಡುವುದನ್ನು ಕೆಟ್ಟ ಅಭ್ಯಾಸವೆಂದು ತರಬೇತಿಗಳು ಬಿಡಿಸಲು ಯತ್ನಿಸುತ್ತವೆ; ಮೆದುಳಿಗೆ ಅದು ತನ್ನ ಅರ್ಥವನ್ನು ತಾನೇ ತಿದ್ದಿಕೊಳ್ಳುವ ಉಪಾಯ.

ಮನಸ್ಸಿನೊಳಗೆ ಪದಗಳನ್ನು ಉಚ್ಚರಿಸಿಕೊಳ್ಳುವ ಒಳದನಿಯ ವಿಷಯವೂ ಹೀಗೆಯೇ. ಒಳದನಿಯಿಂದ ಓದು ನಿಧಾನವಾಗುತ್ತದೆಂದು ಹೇಳಿ ಅದನ್ನು ಅಡಗಿಸಲು ಕಲಿಸುವುದುಂಟು. ಆದರೆ ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಮ್ ಹಿಚ್ ಅವರು 1974ರಲ್ಲಿ ಮಂಡಿಸಿದ ಕಾರ್ಯನಿರತ ಸ್ಮರಣೆಯ ಸಿದ್ಧಾಂತದಲ್ಲಿ ಧ್ವನಿರೂಪದ ಸ್ಮರಣೆಗೆ ಮುಖ್ಯ ಸ್ಥಾನವಿದೆ. ಉದ್ದನೆಯ ವಾಕ್ಯದ ಮೊದಲ ಭಾಗವನ್ನು ಕ್ರಿಯಾಪದ ಬರುವವರೆಗೆ ಕಾಪಾಡುವುದು ಬಹುಮಟ್ಟಿಗೆ ಈ ಒಳದನಿಯೇ. ಅದನ್ನು ತಡೆದಾಗ ಸರಳ ಸಂಗತಿಗಳು ತಿಳಿದರೂ ವಾಕ್ಯಗಳ ನಡುವಣ ಸಂಬಂಧಗಳು ತಪ್ಪಿಹೋಗುತ್ತವೆ ಎಂಬುದನ್ನು ಪ್ರಯೋಗಗಳು ತೋರಿಸಿವೆ. ಕ್ರಿಯಾಪದ ಕೊನೆಯಲ್ಲಿ ಬರುವ ಕನ್ನಡದಂಥ ಭಾಷೆಯನ್ನು ಓದುವಾಗ ಇದು ನೆನಪಿಡಬೇಕಾದ ಮಾತು.

ತರಬೇತಿಯಿಂದ ಬದಲಾಗುವುದು ಏನು

ವೇಗದ ಓದನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಯೂಟಾ ರಾಜ್ಯದ ಶಿಕ್ಷಕಿ ಎವೆಲಿನ್ ವುಡ್. ಪುಟದ ಮೇಲೆ ಕೈಯನ್ನು ಸರಿಸುತ್ತ ಕಣ್ಣನ್ನು ಅದರ ಹಿಂದೆ ಒಯ್ಯುವ ಅವರ ವಿಧಾನದ ತರಗತಿಗಳು 1959ರಿಂದ ವ್ಯಾಪಕವಾದವು. ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರೂ ಶ್ವೇತಭವನದಲ್ಲಿ ಈ ತರಬೇತಿ ಪಡೆದರು. ಇಂಥ ತರಬೇತಿ ಪಡೆದವರನ್ನು ಮನೋವಿಜ್ಞಾನಿಗಳಾದ ಮಾರ್ಸೆಲ್ ಜಸ್ಟ್, ಪೆಟ್ರೀಷಿಯಾ ಕಾರ್ಪೆಂಟರ್ ಮತ್ತು ಮೈಕೆಲ್ ಮ್ಯಾಸನ್ ಅವರು ಸಾಮಾನ್ಯ ಓದುಗರೊಡನೆಯೂ, ಯಾವ ತರಬೇತಿಯೂ ಇಲ್ಲದೆ ಮೇಲಿಂದ ಮೇಲೆ ಕಣ್ಣಾಡಿಸಲು ಸೂಚನೆ ಪಡೆದವರೊಡನೆಯೂ ಹೋಲಿಸಿದರು. ಸಾಮಾನ್ಯ ಓದುಗರ ವೇಗ ನಿಮಿಷಕ್ಕೆ ಸುಮಾರು 240 ಪದ, ಕಣ್ಣಾಡಿಸಿದವರದು 600, ತರಬೇತಿ ಪಡೆದವರದು 700 ಇತ್ತು. ಗ್ರಹಿಕೆಯಲ್ಲಿ ಸಾಮಾನ್ಯ ಓದುಗರೇ ಮುಂದಿದ್ದರು. ಸುಲಭವಾದ ಬರಹದ ಮುಖ್ಯ ತಿರುಳನ್ನು ಹಿಡಿಯುವುದರಲ್ಲಿ ಮಾತ್ರ ತರಬೇತಿ ಪಡೆದವರು ಕಣ್ಣಾಡಿಸಿದವರಿಗಿಂತ ತುಸು ಮೇಲಿದ್ದು, ಕಠಿಣ ಬರಹದಲ್ಲಿಯೂ ವಿವರಗಳಲ್ಲಿಯೂ ಆ ಮೇಲುಗೈ ಉಳಿಯಲಿಲ್ಲ. ತರಬೇತಿಯಿಂದ ಅವರಿಗೆ ದಕ್ಕಿದ್ದು ಯಾವುದನ್ನು ಬಿಡಬಹುದು, ಬಿಟ್ಟದ್ದನ್ನು ಹೇಗೆ ಊಹಿಸಬಹುದು ಎಂಬ ಜಾಣ್ಮೆ. ಅದು ಉಪಯುಕ್ತವಾದದ್ದೇ ಆದರೂ ಪೂರ್ಣವಾದ ಓದಿಗೆ ಸಮನಲ್ಲ.

ಮೆದುಳಿನ ಚಿತ್ರಣವೂ ಇದನ್ನೇ ಸೂಚಿಸುತ್ತದೆ. ರಕ್ತದ ಹರಿವಿನಲ್ಲಾಗುವ ಬದಲಾವಣೆಯ ಮೂಲಕ ಮೆದುಳಿನ ಚಟುವಟಿಕೆಯನ್ನು ಗುರುತಿಸುವ ಎಫ್‌ಎಂಆರ್‌ಐ ವಿಧಾನದಿಂದ ಜಪಾನಿನ ಸಂಶೋಧಕರು ವೇಗದ ಓದಿನ ತರಬೇತಿ ಪಡೆದ ಕೆಲವರನ್ನು ಪರೀಕ್ಷಿಸಿದಾಗ, ವೇಗವಾಗಿ ಓದುವಾಗ ಮಾತು ಮತ್ತು ಧ್ವನಿಗೆ ಸಂಬಂಧಿಸಿದ ಬ್ರೋಕಾ, ವರ್ನಿಕೆ ಪ್ರದೇಶಗಳ ಚಟುವಟಿಕೆ ತಗ್ಗಿರುವುದು ಕಂಡಿತು. ಕಡಿಮೆ ಚಟುವಟಿಕೆಯೆಂದರೆ ಹೆಚ್ಚಿನ ದಕ್ಷತೆ ಎಂದು ಇದನ್ನು ಅರ್ಥೈಸಲು ಮನಸ್ಸಾಗುವುದು ಸಹಜ. ಆದರೆ ಜಪಾನಿ ಕಾದಂಬರಿಗಳನ್ನು ಓದುವವರ ವೇಗ, ಗ್ರಹಿಕೆ ಮತ್ತು ಕಣ್ಣಿನ ಚಲನೆಗಳನ್ನು ಒಟ್ಟಿಗೆ ಅಳೆದು 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ವೇಗ ಏರಿದಂತೆ ಗ್ರಹಿಕೆ ಇಳಿಯುವ ಪ್ರವೃತ್ತಿ ಸ್ಪಷ್ಟವಾಗಿತ್ತು. ಭಾಷೆಯ ಕೇಂದ್ರಗಳು ಕಡಿಮೆ ದುಡಿದಾಗ ಭಾಷೆಯಿಂದ ದಕ್ಕುವ ಅರ್ಥವೂ ಕಡಿಮೆಯಾಗುತ್ತದೆ ಎಂದು ತಿಳಿಯುವುದೇ ಈ ಎರಡು ಸಂಗತಿಗಳಿಗೆ ಹೆಚ್ಚು ಹೊಂದುತ್ತದೆ.

ನಿರಾಳತೆಯ ನಿಜವಾದ ಪಾತ್ರ

ನಿರಾಳತೆಯ ಹೆಸರಿನಲ್ಲಿ ಹೇಳುವ ಮಾತುಗಳಲ್ಲಿ ಆಲ್ಫಾ ಅಲೆಗಳ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಜರ್ಮನಿಯ ಹಾನ್ಸ್ ಬರ್ಗರ್ ಅವರು 1924ರಲ್ಲಿ ಮನುಷ್ಯನ ಮೆದುಳಿನ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿ 1929ರಲ್ಲಿ ಪ್ರಕಟಿಸಿದಾಗಲೇ, ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಈ ಅಲೆಗಳು ಕಣ್ಣು ಮುಚ್ಚಿ ನೆಮ್ಮದಿಯಿಂದ ಕುಳಿತವರಲ್ಲಿ ಪ್ರಬಲವಾಗಿರುತ್ತವೆಂದೂ, ಕಣ್ಣು ತೆರೆದು ಗಮನ ಹರಿಸಿದ ಕೂಡಲೇ ಕ್ಷೀಣಿಸುತ್ತವೆಂದೂ ತಿಳಿದುಬಂದಿತ್ತು. ಓದು ಕಣ್ಣು ತೆರೆದು ಗಮನವಿಟ್ಟು ಮಾಡುವ ಕೆಲಸವಾದ್ದರಿಂದ, ಪ್ರಬಲವಾದ ಆಲ್ಫಾ ಅಲೆಗಳ ಸ್ಥಿತಿಯಲ್ಲಿಯೇ ಪುಟಗಳು ಮನಸ್ಸಿಗೆ ಇಳಿಯುತ್ತವೆ ಎಂಬ ಹೇಳಿಕೆ ಈ ಮೂಲಭೂತ ಸಂಗತಿಗೇ ವಿರುದ್ಧವಾಗಿದೆ. ಮೈಮನಸ್ಸನ್ನು ಸಡಿಲಗೊಳಿಸಿ ಪುಟವನ್ನು ಚಿತ್ರದಂತೆ ನೋಡುವ ‘ಫೋಟೋರೀಡಿಂಗ್’ ಎಂಬ ವಿಧಾನವನ್ನು ನಾಸಾದ ನೆರವಿನಿಂದ ಡೇನಿಯಲ್ ಮೆಕ್‌ನಮಾರಾ ಅವರು ಪರೀಕ್ಷಿಸಿದಾಗಲೂ ಸಾಮಾನ್ಯ ಓದಿಗಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ನಿರಾಳತೆಯ ಪ್ರಯೋಜನವನ್ನು ಹುಡುಕಬೇಕಾದದ್ದು ಹಣೆಯ ಹಿಂದಿನ ಮುಂಗಪಾಲ ಪ್ರದೇಶದಲ್ಲಿ. ಗಮನವನ್ನು ಒಂದೆಡೆ ನಿಲ್ಲಿಸುವ, ಕಾರ್ಯನಿರತ ಸ್ಮರಣೆಯನ್ನು ನಡೆಸುವ ಈ ಭಾಗ ಒತ್ತಡಕ್ಕೆ ಬಹು ಬೇಗ ಮಣಿಯುತ್ತದೆ. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ಅವರ ದೀರ್ಘಕಾಲದ ಸಂಶೋಧನೆಯ ಪ್ರಕಾರ, ತನ್ನ ಹತೋಟಿಯಲ್ಲಿಲ್ಲದ ಒತ್ತಡಕ್ಕೆ ಸಿಕ್ಕ ಮೆದುಳಿನಲ್ಲಿ ನಾರ್‌ಅಡ್ರಿನಲಿನ್ ಮತ್ತು ಡೋಪಮಿನ್ ಎಂಬ ರಾಸಾಯನಿಕಗಳು ಮಿತಿಮೀರಿ ಬಿಡುಗಡೆಯಾಗಿ, ಮುಂಗಪಾಲದ ನರಜಾಲಗಳ ಸಂಪರ್ಕವನ್ನು ತಾತ್ಕಾಲಿಕವಾಗಿ ದುರ್ಬಲಗೊಳಿಸುತ್ತವೆ. ಪರೀಕ್ಷೆಯ ಹಿಂದಿನ ರಾತ್ರಿ ಒಂದೇ ಪ್ಯಾರಾವನ್ನು ನಾಲ್ಕು ಸಲ ಓದಿದರೂ ತಲೆಗೆ ಹತ್ತದಿರುವುದಕ್ಕೆ ಕಾರಣ ದಡ್ಡತನವಲ್ಲ. ಓದಿಗೆ ಬೇಕಾದ ಸ್ಮರಣೆಯ ಜಾಗವನ್ನು ಆತಂಕ ಆಕ್ರಮಿಸಿಕೊಂಡಿರುತ್ತದೆ.

ಹಾಗೆಂದು ಮನಸ್ಸು ಪೂರ್ತಿ ಸಡಿಲವಾದರೂ ಓದು ಕೆಡುತ್ತದೆ, ಏಕೆಂದರೆ ಆಗ ಕಣ್ಣು ಸಾಲುಗಳ ಮೇಲೆ ಸಾಗುತ್ತಿದ್ದರೂ ಮನಸ್ಸು ಬೇರೆಲ್ಲೋ ಅಲೆಯುತ್ತದೆ. ಇಂಥ ಯಾಂತ್ರಿಕ ಓದಿನಲ್ಲಿ ಅಪರೂಪದ ಪದಕ್ಕೂ ಬಳಕೆಯ ಪದಕ್ಕೂ ಕಣ್ಣು ನಿಲ್ಲುವ ಸಮಯದಲ್ಲಿ ಇರಬೇಕಾದ ವ್ಯತ್ಯಾಸ ಮಸುಕಾಗುತ್ತದೆ ಎಂಬುದನ್ನು 2010ರ ಒಂದು ಅಧ್ಯಯನ ತೋರಿಸಿದೆ. ಹೀಗಿರುವುದರಿಂದ ಓದಿಗೆ ಬೇಕಾದದ್ದು ಆತಂಕವಿಲ್ಲದ ಎಚ್ಚರ. ಅದನ್ನು ಅಭ್ಯಾಸದಿಂದ ಬೆಳೆಸಿಕೊಳ್ಳಬಹುದು ಎಂಬುದಕ್ಕೂ ಆಧಾರವಿದೆ: ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಶಾಖೆಯಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಉಸಿರಿನ ಮೇಲೆ ಗಮನವಿಡುವಂಥ ಅಭ್ಯಾಸಗಳನ್ನು ಎರಡು ವಾರ ಕಲಿತ ವಿದ್ಯಾರ್ಥಿಗಳ ಮನಸ್ಸಿನ ಅಲೆದಾಟ ಕಡಿಮೆಯಾಗಿ, ಗ್ರಹಿಕೆಯ ಪರೀಕ್ಷೆಯ ಅಂಕಗಳೂ ಕಾರ್ಯನಿರತ ಸ್ಮರಣೆಯೂ ಸುಧಾರಿಸಿದವು. ಅವರಿಗೆ ವೇಗವಾಗಿ ಓದಲು ಯಾರೂ ಕಲಿಸಿರಲಿಲ್ಲ. ಸಮಯದ ಒತ್ತಡ ಏನು ಮಾಡುತ್ತದೆ ಎಂಬುದಕ್ಕೆ ಇನ್ನೊಂದು ಆಧಾರ, ಕಾಗದ ಮತ್ತು ಪರದೆಯ ಓದನ್ನು ಹೋಲಿಸಿದ 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆ. 1,70,000ಕ್ಕೂ ಹೆಚ್ಚು ಓದುಗರನ್ನು ಒಳಗೊಂಡ ಈ ಅಧ್ಯಯನಗಳಲ್ಲಿ ಪರದೆಯ ಮೇಲಿನ ಗ್ರಹಿಕೆ ಹಿಂದೆ ಬಿದ್ದಿತ್ತು, ಮತ್ತು ಓದಲು ಸಮಯವನ್ನು ಬಿಗಿಗೊಳಿಸಿದ ಕಡೆ ಈ ಅಂತರ ಇನ್ನೂ ಹಿಗ್ಗಿತ್ತು.

ಕನ್ನಡದ ಓದುಗನಿಗೆ

ಇಂಗ್ಲಿಷಿನ ಈ ವೇಗದ ಅಂಕಿಗಳನ್ನು ಕನ್ನಡದ ಓದಿಗೆ ಹಾಗೆಯೇ ಅನ್ವಯಿಸುವುದು ತಪ್ಪಾಗುತ್ತದೆ. ವಿಭಕ್ತಿ, ಕಾಲ, ಲಿಂಗ, ವಚನಗಳೆಲ್ಲ ಪದದೊಳಗೇ ಸೇರಿಕೊಳ್ಳುವ, ಸಂಧಿ ಸಮಾಸಗಳಿಂದ ಪದಗಳು ಉದ್ದವಾಗುವ ಕನ್ನಡದಲ್ಲಿ ಒಂದು ಪದ ಇಂಗ್ಲಿಷಿನ ಎರಡು ಮೂರು ಪದಗಳ ಕೆಲಸ ಮಾಡುತ್ತದೆ. ಲಿಪಿಯ ವಿಷಯದಲ್ಲಿಯೂ ವ್ಯತ್ಯಾಸವಿದೆ: ವರ್ಣಮಾಲೆ 49 ಅಕ್ಷರಗಳದ್ದಾದರೂ ಗುಣಿತಾಕ್ಷರ, ಒತ್ತಕ್ಷರಗಳು ಸೇರಿ ಕಲಿಯಬೇಕಾದ ರೂಪಗಳು ನೂರಾರು, ಮತ್ತು ಅವುಗಳಲ್ಲಿ ಕೆಲವು ಸಾಲಿನ ಮೇಲಕ್ಕೆ, ಕೆಲವು ಕೆಳಕ್ಕೆ ಚಾಚಿಕೊಂಡಿರುತ್ತವೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೊನಾಲಿ ನಾಗ್ ಅವರು ಕನ್ನಡ ಶಾಲೆಗಳ ಮಕ್ಕಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಕ್ಷರಜ್ಞಾನ ಪಕ್ವವಾಗಲು ಮಕ್ಕಳಿಗೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕಾಗುತ್ತವೆ. ಈ ಹಂತದಲ್ಲಿರುವ ಮಗುವನ್ನು ಬೇಗ ಓದೆಂದು ಅವಸರಪಡಿಸಿದರೆ, ಪದರೂಪವನ್ನು ಗುರುತಿಸಲು ಇನ್ನೂ ಪಳಗುತ್ತಿರುವ ಮೆದುಳಿನ ಮೇಲೆ ಆತಂಕದ ಹೊರೆಯನ್ನೂ ಹೇರಿದಂತಾಗುತ್ತದೆ. ಗೆಳೆಯರೆದುರು ತಡವರಿಸುತ್ತ ಓದುವ ಮಗುವಿಗೆ ಆಗುವ ನಾಚಿಕೆ ಅದರ ಓದನ್ನು ಇನ್ನಷ್ಟು ಕುಂಟಿಸುತ್ತದೆ.

ಹಾಗಾದರೆ ಓದಿನ ವೇಗವನ್ನು ಹೆಚ್ಚಿಸಿಕೊಳ್ಳುವ ದಾರಿಯೇ ಇಲ್ಲವೆಂದಲ್ಲ. ಬಳಕೆಯ ಪದಗಳ ಮೇಲೆ ಕಣ್ಣು ಕಡಿಮೆ ಹೊತ್ತು ನಿಲ್ಲುತ್ತದೆ, ಮುಂದೆ ಬರುವುದನ್ನು ಊಹಿಸಬಹುದಾದಾಗ ಪದಗಳನ್ನು ದಾಟಿಯೂ ಹೋಗುತ್ತದೆ. ವಿಷಯದ ಪರಿಚಯವಿರುವವನಿಗೆ ವಾಕ್ಯಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ರೇನರ್ ಮತ್ತು ಅವರ ನಾಲ್ವರು ಸಹಲೇಖಕರು ಅದುವರೆಗಿನ ಸಂಶೋಧನೆಯನ್ನೆಲ್ಲ ಪರಾಮರ್ಶಿಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆ ಕೂಡ, ಗ್ರಹಿಕೆಯನ್ನು ಕಳೆದುಕೊಳ್ಳದೆ ವೇಗ ಹೆಚ್ಚಿಸುವ ಮಾರ್ಗ ಭಾಷೆಯ ಮೇಲಿನ ಹಿಡಿತವನ್ನು ಬೆಳೆಸಿಕೊಳ್ಳುವುದೇ ಎಂಬ ತೀರ್ಮಾನಕ್ಕೆ ಬಂದಿತು. ಆದ್ದರಿಂದ ದಿನಪತ್ರಿಕೆಯ ಸುದ್ದಿಗಳ ನಡುವೆ ಬೇಕಾದದ್ದನ್ನು ಹುಡುಕುವಾಗ, ಕಡತದಲ್ಲಿ ಒಂದು ದಿನಾಂಕವನ್ನು ಅರಸುವಾಗ ಕಣ್ಣಾಡಿಸುವ ಕೌಶಲ ಬಳಸುವುದು ಸರಿಯಾದದ್ದೇ. ಆದರೆ ಒಂದು ವಾದವನ್ನು ತೂಗಬೇಕಾದಾಗ, ಒಂದು ಪಾತ್ರದ ಸಂಕಟವನ್ನು ಅರಿಯಬೇಕಾದಾಗ, ಪರೀಕ್ಷೆಗಾಗಿ ವಿಷಯವೊಂದನ್ನು ನೆನಪಿನಲ್ಲಿ ನೆಲೆಗೊಳಿಸಬೇಕಾದಾಗ ಮೆದುಳಿಗೆ ಅದು ಕೇಳುವಷ್ಟು ಸಮಯವನ್ನು ಕೊಡಲೇಬೇಕು. ವಿದ್ಯಾರ್ಥಿಗಳಿಗೆ ವೇಗದ ಗುರಿಗಳನ್ನು ನಿಗದಿಪಡಿಸುವ ಬದಲು ಬಗೆಬಗೆಯ ಪುಸ್ತಕಗಳನ್ನೂ, ಅವನ್ನು ಅವಸರವಿಲ್ಲದೆ ಓದುವ ಅವಧಿಯನ್ನೂ ಶಾಲೆಗಳೂ ಮನೆಗಳೂ ಒದಗಿಸಿಕೊಟ್ಟರೆ, ಪದಸಂಪತ್ತೂ ವಿಷಯಜ್ಞಾನವೂ ಬೆಳೆದು, ಅವುಗಳ ಫಲವಾಗಿ ಗ್ರಹಿಕೆಯನ್ನು ಬಲಿಗೊಡದ ವೇಗವೂ ವರ್ಷದಿಂದ ವರ್ಷಕ್ಕೆ ಕೂಡಿಬರುತ್ತದೆ.